ಭೂಮಾಪಕ ಕರ್ನಲ್ ಲ್ಯಾಂಬ್ಟನ್

ಹಿಮಾಲಯದ ಪರಮೋನ್ನತ ಶಿಖರಕ್ಕೆ ಪಾಶ್ಚಾತ್ಯರು ಎವರೆಸ್ಟ್ ಎಂದು ಹೆಸರಿಟ್ಟಿರುವುದನ್ನು ಶಾಲೆಯ ಹುಡುಗರೂ ಬಲ್ಲರು. ಆ ಎವರೆಸ್ಟನಿಗೆ ಮೇಲಧಿಕಾರಿಯಾಗಿದ್ದವನು, ಹಿಮಾಲಯದವರೆಗೆ ಬೆಳೆದುಹೋದ ಆ ಮಹಾಕಾರ್ಯದ ಮೊದಲ ಸರಪಣಿಯನ್ನು ನಮ್ಮ ಬೆಂಗಳೂರಿನ ಹೊರಬಯಲಿನಲ್ಲಿ ಹಾಸಿದವನು, ಕರ್ನಲ್ ವಿಲಿಯಂ ಲ್ಯಾಂಬ್ಟನ್ ಎಂಬುವನು. ಅವನ ಹೆಸರನ್ನು ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿಯೂ ಕೇಳಿದವರು ವಿರಳ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ನೆಲದ ಎಲ್ಲೆಗಳನ್ನು ಉಪಗ್ರಹಗಳ ಸಂಕೇತ ಹಿಡಿದು ಗೊತ್ತುಮಾಡಬಹುದಾಗಿರುವ ಈ ಕಾಲದಲ್ಲಿ, ಆ ವಿದ್ಯೆಯ ಬೇರು ಎಲ್ಲಿದೆಯೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿ, ಆತನ ಚರಿತ್ರೆಯನ್ನು ನಾವು ವಾಚಕರ ಮುಂದಿಡುತ್ತೇವೆ.

ಲ್ಯಾಂಬ್ಟನ್ನನು ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ಥಲರ್ಟನ್ ಎಂಬ ಊರಿನ ಸಮೀಪದಲ್ಲಿ ಸಾಮಾನ್ಯರ ಮನೆಯಲ್ಲಿ ಜನಿಸಿದನು. ಹುಟ್ಟಿದ ವರ್ಷದ ವಿಷಯದಲ್ಲಿಯೇ ಚರಿತ್ರಕಾರರಲ್ಲಿ ಏಕಾಭಿಪ್ರಾಯವಿಲ್ಲ. ಶ್ರೀಮಂತಿಕೆಯ ಬಲ ಅವನಿಗಿರಲಿಲ್ಲ. ಗಣಿತದಲ್ಲಿ ಸಹಜವಾದ ಆಸಕ್ತಿಯೊಂದಿದ್ದಿತು. ೧೭೮೧ರಲ್ಲಿ ಸೇನೆಯ ಅತ್ಯಂತ ಕೆಳಗಿನ ಅಧಿಕಾರದ ಹುದ್ದೆ ದೊರೆತು ಅಮೆರಿಕಾದ ಯುದ್ಧಕ್ಕೆ ಹೋದನು. ಆ ಯುದ್ಧದಲ್ಲಿ ಆಂಗ್ಲರು ಸೋತರು; ಯಾರ್ಕ್‌ಟೌನಿನಲ್ಲಿ ಲ್ಯಾಂಬ್ಟನ್ನನೂ ಸೆರೆಯಾದನು. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್ ಎಂಬ ಕಾಡುಸೀಮೆಯಲ್ಲಿ, ಹೊಸದಾಗಿ ಬಂದ ಒಕ್ಕಲುಗಳಿಗೆ ನೆಲವನ್ನು ಅಳೆದುಕೊಡುತ್ತ, ಸೈನಿಕರ ಬಿಡಾರಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತ, ಹತ್ತು ವರ್ಷಗಳಿಗೂ ಮಿಕ್ಕಿ ಕಳೆದನು. ಅಲ್ಲಿರುವಾಗ ಸೂರ್ಯಗ್ರಹಣವನ್ನು ತಕ್ಕ ಮರೆಯಿಲ್ಲದೆ ನೋಡಿದುದರಿಂದ ಅವನ ಒಂದು ಕಣ್ಣಿನ ದೃಷ್ಟಿ ಕೆಟ್ಟಿತೆಂದು ಹೇಳುತ್ತಾರೆ. ಮುಂದೆ ಇಪ್ಪತ್ತು ವರ್ಷ ದೂರದರ್ಶಕದ ಮೂಲಕ ಬೆಟ್ಟಗಳನ್ನೂ ನಕ್ಷತ್ರಗಳನ್ನೂ ನೋಡಿ ಲೆಕ್ಕವಿಟ್ಟುದೆಲ್ಲ ಉಳಿದ ಒಂದು ಕಣ್ಣಿನಿಂದ. ಆ ನಿರ್ಜನ ಪ್ರದೇಶದಲ್ಲಿ ಅವನಿಗೆ ಒಡನಾಡಿಗಳಾದುವು ಗಣಿತದ ಗ್ರಂಥಗಳು.

ಅವನ ದಳವಾದ ಮೂವತ್ತಮೂರನೆಯ ರೆಜಿಮೆಂಟು ಹಿಂದೂದೇಶಕ್ಕೆ ಬಂದಿತು. ಅದರ ಕರ್ನಲನಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ೧೭೯೯ರಲ್ಲಿ ಕಂಪೆನಿಯವರು ಶ್ರೀರಂಗಪಟ್ಟಣದ ಮೇಲೆ ನುಗ್ಗಿದಾಗ ಲ್ಯಾಂಬ್ಟನ್ನನು ಸೇನಾನಿ ಬೇರ್ಡನ ಕೈಕೆಳಗಿದ್ದನು. ಒಂದು ರಾತ್ರಿ ಬೇರ್ಡನ ತುಕಡಿ ಕತ್ತಲೆಯಲ್ಲಿ ದಾರಿ ತಪ್ಪಿತು. ತಾವು ದಕ್ಷಿಣಕ್ಕೆ ನಡೆಯುತ್ತಿದ್ದೇವೆಂದು ಎಲ್ಲರೂ ನಂಬಿರಲು, ಲ್ಯಾಂಬ್ಟನ್ನನೊಬ್ಬನು ನಕ್ಷತ್ರಗಳನ್ನು ನೋಡಿ, ದಂಡು ಉತ್ತರಕ್ಕೆ, ಎಂದರೆ ನೇರವಾಗಿ ಸುಲ್ತಾನನ ಪಾಳೆಯದ ಕಡೆಗೇ ನಡೆಯುತ್ತಿದೆಯೆಂದು ತಿಳಿಸಿದನು. ಬೇರ್ಡನು ಮೊದಲು ಇದನ್ನು ಗಣನೆಗೆ ತಂದುಕೊಳ್ಳಲಿಲ್ಲ. ಕಡೆಗೆ ದಿಕ್ಸೂಚಿಯನ್ನು ತೆಗೆದು ನೋಡಲಾಗಿ ನಕ್ಷತ್ರಗಳೇ ಸರಿಯೆಂದು ಕಂಡುಬಂದಿತು. ಆ ದಂಡಿಗೆ ಆದ ಈ ಉಪಕಾರ ನಮ್ಮ ನಾಡಿಗೆ ಉಪಕಾರವಾಗಿತ್ತೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ಮೇ ೪ರಂದು ಕೋಟೆ ಬಿದ್ದಿತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಮೈಸೂರು ಸೀಮೆ ಕಂಪೆನಿಯವರ ಹಿಡಿತಕ್ಕೆ ಬಂದಿತು.

ಗೆದ್ದ ನೆಲವನ್ನು ಅಳೆಯದೆ ಆಳುವುದು ಯಾವ ಸರ್ಕಾರದಿಂದಲೂ ಸಾಧ್ಯವಲ್ಲ. ಕಾಲಿನ್ ಮೆಕೆಂಜಿಯನ್ನು ಮೈಸೂರಿನ ಗ್ರಾಮ, ಕೆರೆ, ಗಡಿಗಳ ಮೋಜಣಿಗೂ, ಬುಕಾನನ್ನನನ್ನು ಬೆಳೆ, ಬೇಸಾಯ, ಜನಜೀವನದ ಪರಿಶೀಲನೆಗೂ ಕಂಪೆನಿಯವರು ನೇಮಿಸಿದರು. ಲ್ಯಾಂಬ್ಟನ್ನನು ಮುಂದಿಟ್ಟ ಸೂಚನೆ ಇವೆರಡಕ್ಕೂ ಬೇರೆಯಾಗಿದ್ದಿತು. ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ದೊಡ್ಡ ದೊಡ್ಡ ತ್ರಿಕೋಣಗಳ ಸರವೊಂದನ್ನು ಹೆಣೆದು, ಇತರ ಎಲ್ಲ ನಕ್ಷೆಗಳೂ ಆತುಕೊಳ್ಳತಕ್ಕ ಹಂದರವನ್ನು ನಿರ್ಮಿಸಬೇಕೆಂದೂ, ಅದೇ ಕಾರ್ಯದಿಂದ ಭೂಗೋಲದ ಆಕಾರವನ್ನೂ ಕಂಡುಹಿಡಿಯಬಹುದೆಂದೂ ಅವನು ಬಿನ್ನವಿಸಿಕೊಂಡನು. ವೆಲ್ಲೆಸ್ಲಿಯ ಒತ್ತಾಸೆ ದೊರೆಯಿತು. ಮದರಾಸಿನ ಗವರ್ನರನ ಮಂಜೂರಾತಿಯೂ ಬಂದಿತು.

ಈ ವಿದ್ಯೆಯ ಮರ್ಮವನ್ನು ನಮ್ಮ ಸೀಮೆಯ ಬೆಟ್ಟಗಳಿಂದಲೇ ಗ್ರಹಿಸಬಹುದು. ನೆಲಮಂಗಲದ ಶಿವಗಂಗೆಯ ನೆತ್ತಿಯಲ್ಲಿ ಒಬ್ಬನೂ, ದೇವನಹಳ್ಳಿಯ ಆಚೆಯ ನಂದಿಬೆಟ್ಟದಲ್ಲಿ ಒಬ್ಬನೂ, ಮಾಗಡಿಯ ಸಾವನದುರ್ಗದಲ್ಲಿ ಒಬ್ಬನೂ ನಿಂತಿರುವರೆಂದು ವಾಚಕರು ಭಾವಿಸಲಿ. ಶಿವಗಂಗೆಗೂ ಸಾವನದುರ್ಗಕ್ಕೂ ಇರುವ ದೂರವೊಂದು ತಿಳಿದಿದ್ದರೆ ಸಾಕು. ಈ ಎರಡು ಬೆಟ್ಟಗಳಿಂದ ನಂದಿಯನ್ನು ನೋಡಿ ಕೋನಗಳನ್ನು ಅಳೆದ ಮಾತ್ರಕ್ಕೆ, ನಡುವಣ ಹಳ್ಳ, ಕೆರೆ, ಕಾಡುಗಳಲ್ಲಿ ಒಂದು ಹೆಜ್ಜೆಯನ್ನೂ ಇಡದೆ, ನಂದಿಯ ದೂರ ಲೆಕ್ಕದಿಂದ ದೊರೆಯುತ್ತದೆ. ಹಾಗೆ ದೊರೆತ ಭುಜದ ಮೇಲೆ ಮತ್ತೊಂದು ತ್ರಿಕೋಣ, ಅದರ ಭುಜದ ಮೇಲೆ ಇನ್ನೊಂದು. ಆದರೆ ಮೊಟ್ಟಮೊದಲನೆಯ ಒಂದು ಭುಜವನ್ನು ಮಾತ್ರ ನೆಲದ ಮೇಲೆ ಕೈಯಾರೆ ಅಳೆಯಲೇಬೇಕು. ಅದಕ್ಕೆ ಆಧಾರರೇಖೆ ಎಂದು ಹೆಸರು. ಅಲ್ಲಿ ಒಂದು ಅಂಗುಲ ತಪ್ಪಿದರೆ ಆ ತಪ್ಪು ತ್ರಿಕೋಣದಿಂದ ತ್ರಿಕೋಣಕ್ಕೆ ಹಿಗ್ಗುತ್ತ ಹೋಗುತ್ತದೆ. ಲ್ಯಾಂಬ್ಟನ್ನನ ಮೊದಲ ಆಧಾರರೇಖೆ ೧೮೦೦ನೆಯ ಇಸವಿ ಅಕ್ಟೋಬರ್ ೧೪ರಿಂದ ಡಿಸೆಂಬರ್ ೧೦ರವರೆಗೆ ಬೆಂಗಳೂರಿನ ಬಳಿಯ ಬಯಲಿನಲ್ಲಿ ಅಳೆಯಲ್ಪಟ್ಟಿತು. ಅದರ ಉದ್ದ ಏಳು ಮೈಲಿಗಳಿಗೆ ಸ್ವಲ್ಪ ಅಧಿಕ.

ಅಳೆದ ಸರಪಣಿಯದೇ ಒಂದು ಉಪಾಖ್ಯಾನವಿದೆ. ಲಂಡನ್ನಿನ ರಾಮ್ಸ್‌ಡೆನ್ ಎಂಬ ಪ್ರಸಿದ್ಧ ಯಂತ್ರಕಾರನ ಹೆಸರಿನ ಆ ಉಕ್ಕಿನ ಸರಪಣಿ ನೂರು ಅಡಿ ಉದ್ದವಿದ್ದಿತು. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ೧೭೯೩ರಲ್ಲಿ ಮಕಾರ್ಟ್ನಿಯ ರಾಯಭಾರ ಚೀನಾಕ್ಕೆ ಹೋದಾಗ ಇತರ ಉಪಕರಣಗಳೊಡನೆ ಇದನ್ನೂ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದರು. ಪಾಶ್ಚಾತ್ಯರ ಇಂಥ ಆಟಿಕೆಗಳು ಚಕ್ರವರ್ತಿಗೆ ಬೇಕಾಗಲಿಲ್ಲ. ರಾಯಭಾರದಲ್ಲಿದ್ದ ಡಿನ್‌ವಿಡ್ಡಿ ಎಂಬ ಪಂಡಿತನ ಪಾಲಿಗೆ ಬಂದು, ಅವನೊಡನೆ ಕಲ್ಕತ್ತೆಗೆ ಸೇರಿ, ಅಲ್ಲಿಂದ ಲ್ಯಾಂಬ್ಟನ್ನನ ಕೈಗೆ ಬಂದಿತು. ಪೀಕಿಂಗಿನ ಅರಮನೆಯಲ್ಲಿ ಧೂಳು ಹಿಡಿಯಬೇಕಾಗಿದ್ದ ವಸ್ತು ಬೆಂಗಳೂರಿನ ರಾಗಿ ಹೊಲಗಳ ನಡುವೆ ಸಾರ್ಥಕವಾಯಿತು.

ಅಳೆಯುವ ಕ್ರಮವಾದರೋ ಬೇಸಾಯಗಾರನು ಹಗ್ಗ ಹಿಡಿದು ಹೊಲ ಅಳೆಯುವಂತಲ್ಲ. ನೆಲದಲ್ಲಿ ಗೂಟಗಳನ್ನು ನೆಟ್ಟು, ಅವುಗಳ ಮೇಲೆ ಮರದ ದೋಣಿಗಳನ್ನು ಮಟ್ಟವಾಗಿ ಕೂರಿಸಿ, ಸರಪಣಿಯನ್ನು ಅವುಗಳಲ್ಲಿ ಮಲಗಿಸಿ, ಗೊತ್ತಾದ ತೂಕದಿಂದ ಬಿಗಿಯಬೇಕು. ಬಿಸಿಲೇರಿದರೆ ಉಕ್ಕು ಹಿಗ್ಗುತ್ತದೆ, ಬೆಳಗಿನ ಚಳಿಗೆ ಕುಗ್ಗುತ್ತದೆ. ಆದುದರಿಂದ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಪ್ರತಿ ಸಲವೂ ಶಾಖವನ್ನು ಬರೆದುಕೊಳ್ಳಬೇಕು. ಇಂತು ಒಂದು ಸಲಕ್ಕೆ ನೂರು ಅಡಿ. ಏಳು ಮೈಲಿಗೆ ನಾನೂರರ ಹತ್ತಿರ ಸಲ. ನಮ್ಮ ರೈತರು ಎತ್ತುಗಳನ್ನು ನಿಲ್ಲಿಸಿಕೊಂಡು ಈ ವಿಚಿತ್ರ ಪೂಜೆಯನ್ನು ನೋಡುತ್ತ ನಿಂತಿದ್ದಿರಬೇಕು.

ಇನ್ನೂ ಉತ್ತಮವಾದ ಉಪಕರಣಗಳಿಗಾಗಿ ಲ್ಯಾಂಬ್ಟನ್ನನು ವಿಲಾಯಿತಿಗೆ ಬರೆದನು. ಕೇರಿ ಎಂಬುವನು ನಿರ್ಮಿಸಿದ, ಅರ್ಧ ಟನ್ನು ಭಾರದ, ಮೂರಡಿ ಅಗಲದ ಚಕ್ರವುಳ್ಳ ಮಹಾ ಥಿಯೊಡೊಲೈಟು ಸಮುದ್ರದ ಮೇಲೆ ಬರುತ್ತಿರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ಸಿಗೆ ಸೇರಿತು. ವಿಜ್ಞಾನದ ಸಾಧನವೆಂದು ತಿಳಿದಾಗ ಶತ್ರುಗಳೇ ಅದನ್ನು ಮರ್ಯಾದೆಯಿಂದ ಮದರಾಸಿಗೆ ಕಳುಹಿಸಿಕೊಟ್ಟರು. ಯುದ್ಧಕಾಲದಲ್ಲಿಯೂ ವಿದ್ಯೆಗೆ ಸಲ್ಲಬೇಕಾದ ಗೌರವ ಸಂದ ಉದಾಹರಣೆಗಳು ವಿರಳವಾದುದರಿಂದ ಇದನ್ನು ಹೇಳದಿರಲಾರೆವು. ೧೮೦೨ರ ಏಪ್ರಿಲಿನಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಹೊಸ ಆಧಾರರೇಖೆಯನ್ನು ಅಳೆಯಲಾರಂಭಿಸಿ, ಅಲ್ಲಿಂದ ತ್ರಿಕೋಣಗಳನ್ನು ಹೆಣೆಯುತ್ತ ಘಟ್ಟವನ್ನೇರಿ, ೧೮೦೪ರಲ್ಲಿ ಲ್ಯಾಂಬ್ಟನ್ನನ ತಂಡ ಮತ್ತೆ ಬೆಂಗಳೂರಿಗೆ ಬಂದಿತು. ಇಲ್ಲಿ ಪರೀಕ್ಷೆ ಕಾದಿದ್ದಿತು. ಬೆಂಗಳೂರಿನ ಬಳಿ ಎರಡು ಬಿಂದುಗಳ ನಡುವಣ ದೂರವನ್ನು ಮದರಾಸಿನಿಂದ ಬಂದ ತ್ರಿಕೋಣಗಳ ಲೆಕ್ಕದಿಂದ ಮೊದಲು ಕಂಡುಕೊಂಡು, ಅನಂತರ ಅದೇ ದೂರವನ್ನು ಸರಪಣಿಯಿಂದ ನೆಲದ ಮೇಲೆ ಅಳೆದು ನೋಡಿದರು. ಇನ್ನೂರು ಮೈಲಿಯ ಬೆಟ್ಟ ಕಣಿವೆಗಳನ್ನು ದಾಟಿಬಂದ ಲೆಕ್ಕಕ್ಕೂ ನೆಲದ ಅಳತೆಗೂ, ಏಳು ಮೈಲಿಗೆ ಮೀರಿದ ಆ ರೇಖೆಯಲ್ಲಿ, ನಾಲ್ಕು ಅಂಗುಲದಷ್ಟೂ ವ್ಯತ್ಯಾಸ ಬರಲಿಲ್ಲ. ಆ ದಿನದಿಂದ ಈ ವಿಧಾನದ ವಿಷಯದಲ್ಲಿ ತಿಳಿದವರಿಗೆ ಸಂಶಯ ಉಳಿಯಲಿಲ್ಲ.

ತಿಳಿಯದವರಿಗೆ ಉಳಿದಿದ್ದಿತು. ಹಣಕಾಸಿನ ಸಮಿತಿಯವರಿಗೆ ಈ ವೆಚ್ಚ ವ್ಯರ್ಥವೆಂದು ತೋರಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳ ಮುಖ್ಯಸ್ಥನಿಗೆ ಹೇಳಿದರೆ ಸಾಕು, ಅವನು ದಾರಿ ಹಿಡಿದು ಮುಟ್ಟಿಸುತ್ತಾನೆ, ಇದಕ್ಕೆ ತ್ರಿಕೋಣಗಳೇಕೆ ಎಂದು ಮದರಾಸಿನ ಸಮಿತಿಯ ಸದಸ್ಯನೊಬ್ಬನು ಪರಿಹಾಸ್ಯ ಮಾಡಿದನಂತೆ. ಖಜಾನೆಯ ಬೀಗದ ಕೈ ಹಿಡಿದವರ ಬುದ್ಧಿ ಎಲ್ಲ ಕಾಲದಲ್ಲಿಯೂ ಹೀಗೆಯೇ ಇರುವುದನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾದವರು ಬಲ್ಲರು. ವಂಗದೇಶದ ನಕ್ಷೆಯಿಂದ ಖ್ಯಾತನಾದ ರೆನ್ನೆಲನೂ ಲಂಡನ್ನಿನಲ್ಲಿ ಕುಳಿತು ಆಕ್ಷೇಪವೆತ್ತಿದನು. ರಾಜಜ್ಯೋತಿರ್ವಿದನಾದ ಮ್ಯಾಸ್ಕೆಲಿನ್ನನು ಲ್ಯಾಂಬ್ಟನ್ನನ ಪರವಾಗಿ ನಿಂತನು. ಆದರೆ ವಾದವನ್ನು ಮುಗಿಸಿದುದು ಅಳತೆಯೇ. ಸಾವನದುರ್ಗದಿಂದ ಮುಂದಕ್ಕೆ ಕೊಡಗಿನ ಶಿಖರಗಳ ಮೇಲೆ ಹಾದು ತ್ರಿಕೋಣಗಳು ಪಶ್ಚಿಮ ಸಮುದ್ರವನ್ನು ಮುಟ್ಟಿದಾಗ, ಮದರಾಸಿಗೂ ಮಂಗಳೂರಿಗೂ ನಡುವೆ ಸುಮಾರು ೪೦೦ ಮೈಲಿಯೆಂದು ಅದುವರೆಗಿನ ನಕ್ಷೆಗಳು ತೋರಿಸುತ್ತಿದ್ದುದು ವಾಸ್ತವವಾಗಿ ಸುಮಾರು ೩೬೦ ಮೈಲಿಯೆಂದು ಗೊತ್ತಾಯಿತು. ನಲವತ್ತು ಮೈಲಿಯಷ್ಟು ಇಲ್ಲದ ನೆಲವನ್ನು ಕಂಪೆನಿಯವರು ಕಾಗದದ ಮೇಲೆ ಆಳುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ಲ್ಯಾಂಬ್ಟನ್ನನು ಒಳ್ಳೆಯ ಮೋಜಣಿದಾರನೆನ್ನಿಸಿಕೊಂಡು ಮರೆಯಾಗುತ್ತಿದ್ದನು. ಅವನ ಮನಸ್ಸು ನೆಟ್ಟಿದ್ದುದು ಬೇರೆ ಕಡೆ. ಭೂಮಿಯು ಧ್ರುವಗಳ ಕಡೆ ಸ್ವಲ್ಪ ಚಪ್ಪಟೆಯಾಗಿರಬೇಕೆಂದು ನ್ಯೂಟನ್ನನು ಲೆಕ್ಕದಿಂದ ಹೇಳಿದ್ದನು. ಫ್ರೆಂಚರು ಪೆರು ದೇಶಕ್ಕೂ ಉತ್ತರ ಹಿಮಪ್ರದೇಶಕ್ಕೂ ಹೋಗಿ ಅದನ್ನು ಸ್ಥಿರಪಡಿಸಿದ್ದರು. ಚಪ್ಪಟೆ ಎಷ್ಟೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅದಕ್ಕೆ ಉತ್ತರ ದಕ್ಷಿಣವಾಗಿ ಉದ್ದನೆಯ ಒಂದು ರೇಖೆಯನ್ನು ಅಳೆದು, ಅಕ್ಷಾಂಶದ ಒಂದೊಂದು ಅಂಶಕ್ಕೆ ನೆಲದ ಮೇಲೆ ಎಷ್ಟು ದೂರವೆಂದು ಹೋಲಿಸಬೇಕು. ಲಂಕೆಯಿಂದ ಉಜ್ಜಯಿನಿಯ ಮೇಲೆ ಕುರುಕ್ಷೇತ್ರದತ್ತ ಹಾಯುವ ಮಧ್ಯರೇಖೆಯನ್ನು ಕಲ್ಪಿಸಿ ದೇಶಾಂತರವನ್ನು ಎಣಿಸಿದ ನಮ್ಮ ಸಿದ್ಧಾಂತಿಗಳಿಗೆ ಈ ವಿಚಾರ ಹೊಸದಲ್ಲ. ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದುದು ಆ ರೇಖೆಯನ್ನೇ. ಆದರೆ ಸರಪಣಿ ಹಿಡಿದು ಅದರ ಉದ್ದಕ್ಕೂ ನಡೆದವರು ನಮ್ಮಲ್ಲಿ ಬರಲಿಲ್ಲವೆಂಬುದನ್ನೂ ಒಪ್ಪಬೇಕು. ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ ಲ್ಯಾಂಬ್ಟನ್ನನು ಹಿಡಿದ ರೇಖೆಯೇ ಮುಂದೆ ಮಹಾಚಾಪವೆಂದು ಪ್ರಸಿದ್ಧವಾಯಿತು. ಅದರ ಮುಖ್ಯ ಠಾಣ್ಯಗಳಲ್ಲೊಂದು ಬೆಂಗಳೂರಿನ ದೊಡ್ಡಗುಂಟೆ. ಅದರ ಅಕ್ಷಾಂಶ ಹೆಚ್ಚು ಕಡಿಮೆ ಸರಿಯಾಗಿ ಹದಿಮೂರು ಅಂಶ. ಅಲ್ಲಿ ರಾತ್ರಿಗಟ್ಟಲೆ ಕುಳಿತು, ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳನ್ನು ಅವನು ಅಳೆದನು.

ಇಲ್ಲಿಯೇ ಅವನಿಗೆ ತೊಡಕು ಎದುರಾಯಿತು. ನಕ್ಷತ್ರವು ನೆತ್ತಿಯಿಂದ ಎಷ್ಟು ಓರೆಯಾಗಿದೆಯೆಂದು ತಿಳಿಯಬೇಕಾದರೆ ನೆತ್ತಿ ಯಾವುದೆಂದು ಮೊದಲು ತಿಳಿಯಬೇಕು. ಅದನ್ನು ತೋರಿಸುವುದು, ಗಾರೆಯವನು ಗೋಡೆಯ ನೇರ ನೋಡುವ ತೂಗುಗುಂಡಿನಂಥ ದಾರವೊಂದೇ. ಆ ದಾರ ಭೂಮಿಯ ಕೇಂದ್ರವನ್ನು ನೋಡುತ್ತದೆಂದು ನಾವೆಲ್ಲ ನಂಬುತ್ತೇವೆ. ಆದರೆ ಪಕ್ಕದಲ್ಲಿ ಬೆಟ್ಟವಿದ್ದರೆ ಗುಂಡು ಕೂದಲೆಳೆಯಷ್ಟು ಅತ್ತ ವಾಲುತ್ತದೆ. ನೆಲದಡಿ ಒಂದು ಕಡೆ ಕಲ್ಲು ದಟ್ಟವಾಗಿ, ಇನ್ನೊಂದು ಕಡೆ ಹಗುರವಾಗಿದ್ದರೂ ವಾಲುತ್ತದೆ. ಲ್ಯಾಂಬ್ಟನ್ನನ ಅಂಶಗಳ ಉದ್ದಗಳು ಒಂದಕ್ಕೊಂದು ಕ್ರಮವಾಗಿ ಹೊಂದಲಿಲ್ಲ. ಇನ್ನೊಬ್ಬನಾಗಿದ್ದರೆ ಅಂಕಿಗಳನ್ನು ತಿದ್ದಿ ಹೊಂದಿಸಿಬಿಡುತ್ತಿದ್ದನೋ ಏನೋ. ಇವನು ತನ್ನ ಲೆಕ್ಕವನ್ನು ಮರಳಿ ಮರಳಿ ಪರೀಕ್ಷಿಸಿ, ತೂಗುದಾರವನ್ನೇ ನೆಲದೊಳಗಿನ ಯಾವುದೋ ವಸ್ತು ಎಳೆಯುತ್ತಿರಬೇಕೆಂದು ಸಂಶಯಿಸಿದನು. ಆ ಸಂಶಯ ನಿಜವಾದುದು. ಭೂಮಿಯ ಮೇಲೆ ನಿಂತು, ತೂಗುಗುಂಡನ್ನು ನಂಬಿ, ಭೂಮಿಯ ಕೇಂದ್ರ ಎಲ್ಲಿದೆಯೆಂದು ನಿಷ್ಕೃಷ್ಟವಾಗಿ ಹೇಳಲು ಸಾಧ್ಯವಿಲ್ಲ. ಈ ಗಂಟನ್ನು ಬಿಚ್ಚಲು ಅವನ ಕಾಲದಲ್ಲಿ ಉಪಾಯವಿರಲಿಲ್ಲ.

೧೮೦೮ರ ಘಟನೆಯೊಂದರಿಂದ ಅವನ ಸ್ವಭಾವ ತಿಳಿಯುತ್ತದೆ. ತಂಜಾವೂರಿನ ಸೀಮೆ ಮಟ್ಟಸವಾದುದರಿಂದ, ಬೆಟ್ಟಗಳಿಲ್ಲದೆ, ದೇವಾಲಯಗಳ ಗೋಪುರಗಳನ್ನೇ ಠಾಣ್ಯಗಳನ್ನಾಗಿ ಮಾಡಿಕೊಳ್ಳಬೇಕಾಯಿತು. ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಮಹಾ ಥಿಯೊಡೊಲೈಟನ್ನು ಎತ್ತುತ್ತಿರುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು, ಚಕ್ರ ಸೊಟ್ಟಗಾಯಿತು. ಅದನ್ನು ಎಲ್ಲರೂ ಕೈಬಿಟ್ಟರು. ಲ್ಯಾಂಬ್ಟನ್ನನು ಯಾರ ಮೇಲೂ ಹರಿಹಾಯದೆ, ಡೇರೆಯೊಳಗೆ ಕುಳಿತು ಚಕ್ರವನ್ನು ಬಿಚ್ಚಿ, ಬೆಣೆ, ತಿರುಪು, ರಾಟೆಗಳಿಂದ ಎಳೆದೆಳೆದು ಆರು ವಾರಗಳಲ್ಲಿ ಹೆಚ್ಚು ಕಡಿಮೆ ಮೊದಲಿನ ಆಕಾರಕ್ಕೆ ತಂದನು. ಅದೇ ಯಂತ್ರದಿಂದ ಮತ್ತೆ ಅನೇಕ ವರ್ಷ ಕೆಲಸ ನಡೆಯಿತು.

ಈ ಕಾರ್ಯದ ಕೀರ್ತಿ ಒಬ್ಬನದೇ ಎನ್ನುವುದು ನ್ಯಾಯವಾಗಲಾರದು. ಅರ್ಧ ಟನ್ನಿನ ಯಂತ್ರವನ್ನು ಹೆಗಲ ಮೇಲೆ ಹೊತ್ತು ಬೆಟ್ಟದ ನೆತ್ತಿಗೆ ಏರಿಸಿದವರು, ದೂರದ ಶಿಖರಗಳಲ್ಲಿ ವಾರಗಟ್ಟಲೆ ಬಾವುಟ ಹಿಡಿದು ಮಂಜು ಕರಗುವುದನ್ನು ಕಾದವರು, ಕಾಡುಜ್ವರಕ್ಕೆ ತುತ್ತಾದವರು, ಖಲಾಸಿಗಳು, ಸಿಪಾಯಿಗಳು, ಕೂಲಿಯವರು. ಕೃಷ್ಣಾ ಗೋದಾವರಿಗಳ ನಡುವಣ ಕಾಡುಗಳಲ್ಲಿ ತಂಡವೆಲ್ಲ ಜ್ವರದಿಂದ ಮಲಗಿ, ಅನೇಕರು ಮತ್ತೆ ಏಳಲಿಲ್ಲ. ಲ್ಯಾಂಬ್ಟನ್ನನ ಸಹಾಯಕರಾದ ವಾರನ್, ಕೇಟರ್ ಮೊದಲಾದವರ ಹೆಸರುಗಳು ಪುಸ್ತಕಗಳಲ್ಲಿ ಉಳಿದಿವೆ. ವಾರನ್ನನು ಕೋಲಾರದ ಚಿನ್ನದ ವಿಷಯ ವರದಿ ಮಾಡಿದನು, ಮುಂದೆ ನಮ್ಮ ಪಂಚಾಂಗಗಳ ಕಾಲಗಣನೆಯ ಮೇಲೆ ಕಾಲಸಂಕಲಿತವೆಂಬ ಗ್ರಂಥವನ್ನೂ ಬರೆದನು. ಹೊತ್ತವರ ಹೆಸರುಗಳು ಸಂಬಳದ ಪಟ್ಟಿಗಳೊಡನೆ ಹೋದುವು. ಬೆಟ್ಟದ ಮೇಲೆ ಬಾವುಟ ಏರಿದಾಗ ನಮ್ಮ ಜನ ಶಂಕಿಸಿದುದೂ ಸಹಜ. ಪರಕೀಯರ ಬಾವುಟದ ಹಿಂದೆ ದಂಡು, ದಂಡಿನ ಹಿಂದೆ ಕಂದಾಯ ಬರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಲ್ಯಾಂಬ್ಟನ್ನನ ತ್ರಿಕೋಣಗಳಿಂದ ಕಂಪೆನಿಯ ಆಡಳಿತದ ಬಿಗಿ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವನು ಬೇಡಿದುದು ಕಂದಾಯವನ್ನಲ್ಲ, ಕೊಳ್ಳೆಯನ್ನಲ್ಲ. ನೆಲದ ನಿಜವಾದ ಅಳತೆಯನ್ನು. ಅಳಿದುಹೋದುದು ಕಂಪೆನಿ, ಉಳಿದುದು ಅಳತೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಬಾರದೆಂಬುದು ನಮ್ಮ ಅಭಿಮತ.

ಕಡೆಯ ವರ್ಷಗಳನ್ನು ಅವನು ಹೆಚ್ಚಾಗಿ ಹೈದರಾಬಾದಿನ ಸೀಮೆಯಲ್ಲಿ ಕಳೆದನು. ೧೮೧೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು; ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯೂ ಗೌರವಿಸಿತು. ೧೮೧೮ರ ಜನವರಿಯಲ್ಲಿ ಅವನ ಕಾರ್ಯಕ್ಕೆ ಮಹಾ ತ್ರಿಕೋಣಮಿತೀಯ ಮೋಜಣಿ ಎಂಬ ಹೆಸರು ಬಂದು, ಅದೇ ವರ್ಷ ಎವರೆಸ್ಟನು ಸಹಾಯಕನಾಗಿ ಸೇರಿದನು. ಅಷ್ಟು ಹೊತ್ತಿಗೆ ಚಾಪವು ಕನ್ಯಾಕುಮಾರಿಯ ನೆರೆಯಿಂದ ಬೀದರಿನ ಸೀಮೆಯವರೆಗೆ ಸುಮಾರು ಹತ್ತು ಅಂಶಗಳಷ್ಟು ಬೆಳೆದಿದ್ದಿತು. ವಯಸ್ಸು ಎಪ್ಪತ್ತರ ಸಮೀಪಕ್ಕೆ ಬಂದಿದ್ದರೂ ಡೇರೆಯ ಜೀವನವನ್ನು ಬಿಡಲಿಲ್ಲ. ೧೮೨೩ರ ಜನವರಿ ೨೦ರಂದು, ನಾಗಪುರಕ್ಕೆ ಹೋಗು‌ವ ದಾರಿಯಲ್ಲಿ, ಹಿಂಗನಘಾಟಿನಲ್ಲಿ ಕ್ಷಯದಂಥ ಕೆಮ್ಮಿನಿಂದ ಕೃಶನಾಗಿದ್ದ ಆ ಮುದುಕನು ಡೇರೆಯಲ್ಲಿಯೇ ಕಣ್ಣುಮುಚ್ಚಿದನು. ಸಮಾಧಿಯೂ ಅಲ್ಲಿಯೇ ಇದೆ.

ಅವನು ಬಿಟ್ಟುಹೋದ ಎಳೆಯನ್ನು ಎವರೆಸ್ಟನು ಹಿಮಾಲಯದ ಬುಡದವರೆಗೆ ಒಯ್ದನು. ೧೮೩೦ರಲ್ಲಿ ಎವರೆಸ್ಟನು ಗೊತ್ತುಮಾಡಿದ ಭೂಮಿಯ ಆಕಾರವನ್ನೇ ಹಿಂದೂದೇಶದ ನಕ್ಷೆಗಳೆಲ್ಲ ನೂರೈವತ್ತು ವರ್ಷಗಳಿಗೂ ಮೀರಿ ಅನುಸರಿಸಿದುವು. ಮಧ್ಯಹಿಂದೂಸ್ಥಾನದ ಕಲ್ಯಾಣಪುರದ ಠಾಣ್ಯವೇ ಮೂಲಬಿಂದು. ಆದರೆ ಲ್ಯಾಂಬ್ಟನ್ನನ ಗಂಟು ಹಾಗೆಯೇ ಉಳಿದಿದ್ದಿತು. ನಮ್ಮ ನಕ್ಷೆಗಳು ನಂಬಿದ್ದ ಭೂಗೋಲದ ಕೇಂದ್ರ ನಿಜವಾದ ಭೂಕೇಂದ್ರದಿಂದ ಎಂಟುನೂರು ಮೀಟರುಗಳಿಗೂ ಹೆಚ್ಚು ಸರಿದಿದ್ದಿತೆಂದು ಉಪಗ್ರಹಗಳ ಕಾಲದಲ್ಲಿ ತಿಳಿದುಬಂದಿತು. ಒಂದೊಂದು ದೇಶವೂ ತನ್ನ ತೂಗುಗುಂಡನ್ನು ನಂಬಿ ತನ್ನದೇ ಕೇಂದ್ರವನ್ನು ಕಲ್ಪಿಸಿಕೊಂಡಿದ್ದಿತು. ನೆರೆಯ ದೇಶಗಳ ನಕ್ಷೆಗಳನ್ನು ಗಡಿಯಲ್ಲಿ ಕೂಡಿಸಿದರೆ ರಸ್ತೆ ರಸ್ತೆಗೆ ಹೊಂದುತ್ತಿರಲಿಲ್ಲ.

ಗಂಟು ಬಿಚ್ಚಿದುದು ಬೆಳಕಿನಿಂದ. ಉಪಗ್ರಹವು ಸುತ್ತುವುದು ಭೂಮಿಯ ದ್ರವ್ಯಕೇಂದ್ರವನ್ನು ಕುರಿತು. ಅದಕ್ಕೆ ತೂಗುಗುಂಡಿನ ಹಂಗಿಲ್ಲ. ಆದುದರಿಂದ ನೆಲದ ಹಲವು ಠಾಣ್ಯಗಳಿಂದ ಒಂದು ಉಪಗ್ರಹಕ್ಕೆ ಇರುವ ದೂರವನ್ನು ಕ್ಷಣಕ್ಷಣಕ್ಕೂ ಅಳೆದರೆ, ಅದರ ಪಥವೂ, ಪಥದಿಂದ ಕೇಂದ್ರವೂ, ಕೇಂದ್ರದಿಂದ ಆಯಾ ಠಾಣ್ಯದ ಸ್ಥಾನವೂ ಲೆಕ್ಕಕ್ಕೆ ಸಿಕ್ಕುತ್ತವೆ. ಲೇಸರ್ ಎಂಬ ತೀಕ್ಷ್ಣವಾದ ಬೆಳಕಿನ ಮಿಡಿತವನ್ನು ಕಳುಹಿಸಿ, ಉಪಗ್ರಹದ ಕನ್ನಡಿಗಳು ಅದನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುವಷ್ಟರಲ್ಲಿ ಎಷ್ಟು ಕಾಲವಾಯಿತೆಂದು ಎಣಿಸುವುದು ಈ ವಿಧಾನ. ೧೯೬೪ರಲ್ಲಿ ಅಮೆರಿಕಾದವರು ಇದನ್ನು ಮೊದಲು ಸಾಧಿಸಿದರು. ಇದಕ್ಕೆಂದೇ ನಿರ್ಮಿಸಿದ ಲೇಜಿಯೋಸ್ ಎಂಬ ಗೋಳವನ್ನು ೧೯೭೬ರಲ್ಲಿ ಹಾರಿಸಿದರು. ಅದು ಹಾರಿದ ದಿನ ಮೇ ೪, ಶ್ರೀರಂಗಪಟ್ಟಣ ಬಿದ್ದ ತಾರೀಖು. ಕಾಕತಾಳೀಯವೆಂದೇ ನಾವು ಎಣಿಸುತ್ತೇವೆ. ಅರವತ್ತು ಸೆಂಟಿಮೀಟರು ಅಡ್ಡಳತೆಯ, ನಾನೂರು ಕಿಲೋಗ್ರಾಮಿಗೆ ಮೀರಿದ ತೂಕದ ಆ ಗೋಳದಲ್ಲಿ ಯಂತ್ರವೆಂಬುದೊಂದೂ ಇಲ್ಲ. ಮೈತುಂಬ ೪೨೬ ಕನ್ನಡಿಗಳು. ಸುಮಾರು ೫,೯೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಅದು ನೆತ್ತಿಯ ಮೇಲಿರುವಾಗ ಬೆಳಕು ಹೋಗಿ ಬರಲು ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು ಸಾಕು. ೧೯೯೨ರಲ್ಲಿ ಎರಡನೆಯ ಗೋಳವೂ ಸೇರಿತು. ಲೋಕದ ಎಲ್ಲ ರಾಷ್ಟ್ರಗಳಿಗೂ ಸಾಮಾನ್ಯವಾದ ಭೂಚೌಕಟ್ಟಿನ ಮೂಲಬಿಂದು ಮುಖ್ಯವಾಗಿ ಈ ಲೇಸರ್ ಅಳತೆಗಳಿಂದಲೇ ನಿಶ್ಚಿತವಾಗಿದೆ. ೨೦೨೨ರಲ್ಲಿ ಅದರ ಪರಿಷ್ಕೃತ ಆವೃತ್ತಿ ಹೊರಬಂದಿತು. ನಮ್ಮ ದೇಶವು ೨೦೧೩ರಿಂದ ಹಾರಿಸಿದ ಪಥದರ್ಶಕ ಉಪಗ್ರಹಗಳಲ್ಲಿಯೂ ಇಂಥ ಕನ್ನಡಿಗಳಿವೆ. ನೂರು ಅಡಿಯ ಸರಪಣಿಯ ಸ್ಥಾನಕ್ಕೆ ಬೆಳಕು ಬಂದಿತು. ಅಳೆಯುವವನ ಶ್ರದ್ಧೆ ಅದೇ.

ಈ ಚೌಕಟ್ಟಿನಿಂದ ನೋಡಿದಾಗ ಮತ್ತೊಂದು ಸಂಗತಿ ಬೆಳಕಿಗೆ ಬಂದಿದೆ. ಹಿಂದೂದೇಶದ ನೆಲವೆಲ್ಲ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಲ್ಯಾಂಬ್ಟನ್ನನು ೧೮೦೪ರಲ್ಲಿ ಬೆಂಗಳೂರಿನಲ್ಲಿ ಸರಪಣಿ ಹಾಸಿದಂದಿನಿಂದ ಸಾವನದುರ್ಗವೂ ಶಿವಗಂಗೆಯೂ ಹನ್ನೊಂದು ಮೀಟರುಗಳಷ್ಟು ನಡೆದಿವೆ. ಮೂವತ್ತಡಿ ಅಗಲದ ನಿವೇಶನವೊಂದನ್ನು ದಾಟುವಷ್ಟು. ಹೊಲದ ಬದುವೂ ನೆರೆಯವನ ಬದುವೂ ಜೊತೆಯಲ್ಲಿಯೇ ನಡೆಯುವುದರಿಂದ ವ್ಯಾಜ್ಯಗಾರರು ಇದರಿಂದ ಆಶೆಗೊಳ್ಳಬೇಕಾದುದಿಲ್ಲ. ಆದರೆ ಬೆಟ್ಟ ಬೆಟ್ಟಗಳ ನಡುವಣ ದೂರ ಹಿಗ್ಗಿದೆಯೇ ಕುಗ್ಗಿದೆಯೇ ಎಂದು ತಿಳಿಯಬೇಕಾದರೆ, ಹಳೆಯ ಅಳತೆಯ ಕಲ್ಲು ಹಳೆಯ ಸ್ಥಳದಲ್ಲಿಯೇ ಇರಬೇಕು. ೧೯೯೪ರಲ್ಲಿ ವಿಜ್ಞಾನಿಗಳು ದಕ್ಷಿಣದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಈ ಮೋಜಣಿಯ ಠಾಣ್ಯಗಳನ್ನು ಹುಡುಕಿ, ಉಪಗ್ರಹದ ಸಹಾಯದಿಂದ ಮತ್ತೆ ಅಳೆದು, ೧೮೬೪ರಿಂದ ಈಚೆಗೆ ಪರ್ಯಾಯದ್ವೀಪ ಗುರುತಿಸುವಷ್ಟು ಸೊಟ್ಟಗಾಗಿಲ್ಲವೆಂದು ಕಂಡುಕೊಂಡರು. ಭೂಕಂಪದ ಭಯವನ್ನು ಅಂದಾಜು ಮಾಡುವವರಿಗೆ ಇದು ಅಮೂಲ್ಯವಾದ ಸಾಕ್ಷ್ಯ. ಕಲ್ಲು ಇದ್ದಲ್ಲಿ ಮಾತ್ರ ಅದು ದೊರೆಯಿತು.

೧೮೬೮ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿ ಈಗಿನ ಮೇಕ್ರಿ ವೃತ್ತದ ಬಳಿ, ಇನ್ನೊಂದು ಹೆಣ್ಣೂರು ಬಾಗಲೂರು ರಸ್ತೆಯ ಕಡೆಯ ಕಣ್ಣೂರಿನಲ್ಲಿ. ಕಣ್ಣೂರಿನ ತುದಿಯನ್ನು ಕಾಪಾಡಿಕೊಂಡು ಬಂದಿದ್ದ ಹಳೆಯ ಕಟ್ಟಡ ೨೦೨೪ರಲ್ಲಿ ನೆಲಸಮವಾಯಿತು. ನೂರೈವತ್ತು ವರ್ಷ ಮಳೆ ಬಿಸಿಲಿಗೆ ಜಗ್ಗದುದು ನಿವೇಶನದ ಬೆಲೆಯೇರಿದ ಸೀಮೆಯಲ್ಲಿ ಉಳಿಯಲಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಬೆಟ್ಟಗಳ ಮೇಲೆ, ವೃತ್ತದ ನಡುವೆ ಚುಕ್ಕಿ ಕೊರೆದ ಬಂಡೆಯನ್ನಾಗಲಿ, ಮೋಜಣಿಯ ಗುರುತುಕಲ್ಲನ್ನಾಗಲಿ ಕಂಡವರು ಅದನ್ನು ಕೀಳದೆ, ಅದರ ಮೇಲೆ ಸುಣ್ಣ ಬಳಿಯದೆ, ತಾಲ್ಲೂಕು ಕಚೇರಿಯ ಭೂಮಾಪನ ಶಾಖೆಗೆ ತಿಳಿಸಬೇಕೆಂದೂ, ಅಧಿಕಾರಿಗಳು ಅಂಥ ಕಲ್ಲುಗಳನ್ನು ಗ್ರಾಮದ ನಕ್ಷೆಯಲ್ಲಿ ನಮೂದಿಸಿ, ಸುತ್ತ ನಾಲ್ಕು ಗಜ ನೆಲವನ್ನು ಯಾರಿಗೂ ಮಂಜೂರು ಮಾಡದೆ ಬಿಡಬೇಕೆಂದೂ ನಾವು ಕೋರುತ್ತೇವೆ.